ಮೊರೆಯೂ ಆರಾಧನೆಯೇ



ಬದುಕು ನಾವು ಎಣಿಸಿದ ಹಾಗೆ ನಡೆಯದೆ ಹೋದಾಗ ದೇವರನ್ನು ನಂಬುವುದು ಹೇಗೆ, ಆರಾಧಿಸುವುದು ಹೇಗೆ ಎಂಬುದು ಈ ಉಪನ್ಯಾಸಕ್ಕೆ ಗೊತ್ತುಮಾಡಿರುವ ವಿಷಯ. ಇದರ ಬಗ್ಗೆ ಮಾತಾಡುವವನಿಗೆ ಎಚ್ಚರ ಬೇಕು. ಹೋದ ತಿಂಗಳಷ್ಟೇ ಮಗನನ್ನು ಮಣ್ಣು ಮಾಡಿ ಬಂದವರು ಕೇಳುಗರ ನಡುವೆ ಇರಬಹುದು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿಬರುವವರು, ಮಗುವಿಗಾಗಿ ವರ್ಷಗಟ್ಟಲೆ ಪ್ರಾರ್ಥಿಸಿ ಈಗ ಆ ಮಾತನ್ನೇ ಎತ್ತದವರು ಇರಬಹುದು. ಅವರ ಮನೆಯ ಜಗಲಿಯಲ್ಲಿ ಕೂತು ಹೇಳಲಾಗದ ಯಾವ ಮಾತನ್ನೂ ಈ ವೇದಿಕೆಯಿಂದ ಹೇಳಬಾರದೆಂದು ನಿಶ್ಚಯಿಸಿಕೊಂಡೇ ಬಂದಿದ್ದೇನೆ.

ನಾನು ಹೇಳಬೇಕೆಂದಿರುವುದು ಇಷ್ಟು. ಕ್ರೈಸ್ತ ವಿಶ್ವಾಸದಲ್ಲಿ ದೇವರ ಮುಂದೆ ದೂರು ಹೇಳಿಕೊಳ್ಳುವುದು ಆರಾಧನೆಯ ಒಳಗೇ ಇರುವ ಕ್ರಿಯೆ. ಅದನ್ನು ವಿಶ್ವಾಸ ಕುಂದಿದವರ ಲಕ್ಷಣವೆಂದು ಎಣಿಸಿ, ನೊಂದವರಿಗೆ ನಮ್ಮ ದೇವಾಲಯಗಳ ಬಾಗಿಲನ್ನು ನಾವೇ ಕಿರಿದು ಮಾಡಿದ್ದೇವೆ. ಈ ಮಾತನ್ನು ಇಬ್ಬರನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಒಬ್ಬನು ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ಪ್ರವಾದಿ ಹಬಕ್ಕೂಕ. ಇನ್ನೊಬ್ಬರು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ.

ಹಬಕ್ಕೂಕನ ಪುಸ್ತಕ ಮೂರೇ ಅಧ್ಯಾಯದ್ದು. ಹನ್ನೆರಡು ಚಿಕ್ಕ ಪ್ರವಾದಿಗಳ ಸಾಲಿನಲ್ಲಿ ಎಂಟನೆಯದು. ಸತ್ಯವೇದದ ಪುಟ ಮಗುಚುವಾಗ ಕಣ್ಣಿಗೆ ಬೀಳದೆ ದಾಟಿಹೋಗುವಷ್ಟು ಸಣ್ಣದು. ಅವನ ತಂದೆ ಯಾರು, ಊರು ಯಾವುದು ಎಂದು ಪುಸ್ತಕ ಹೇಳುವುದಿಲ್ಲ. ಕಾಲ ಮಾತ್ರ ಊಹಿಸಬಹುದು. ಕ್ರಿಸ್ತಪೂರ್ವ ಏಳನೆಯ ಶತಮಾನ ಮುಗಿಯುತ್ತಾ ಬಂದಿತ್ತು. ಬಾಬೆಲಿನ ಕಸ್ದೀಯರು ದೇಶದ ಮೇಲೆ ದೇಶವನ್ನು ನುಂಗುತ್ತಿದ್ದರು. ಯೆಹೂದ ನಾಡಿನೊಳಗೆ ನ್ಯಾಯಸ್ಥಾನ ಕೆಟ್ಟಿತ್ತು, ಬಲವಿದ್ದವನು ಗೆಲ್ಲುತ್ತಿದ್ದ.

ಬೇರೆ ಪ್ರವಾದಿಗಳು ದೇವರ ಮಾತನ್ನು ಜನರಿಗೆ ಮುಟ್ಟಿಸಿದವರು. ಹಬಕ್ಕೂಕನು ಜನರ ಮಾತನ್ನು ದೇವರಿಗೆ ಮುಟ್ಟಿಸುವುದರಿಂದ ತೊಡಗುತ್ತಾನೆ. ಇನ್ನೆಷ್ಟು ಕಾಲ ಕೂಗಬೇಕು, ನೀನು ಕೇಳಿಸಿಕೊಳ್ಳುವುದಿಲ್ಲವಲ್ಲ ಎಂಬುದೇ ಅವನ ಮೊದಲ ಮಾತಿನ ತಾತ್ಪರ್ಯ. ನಮಸ್ಕಾರ, ಸ್ತುತಿ, ಪೀಠಿಕೆ ಯಾವುದೂ ಇಲ್ಲ. ಅದಕ್ಕೆ ಬಂದ ಉತ್ತರವಾದರೂ ಎಂಥದು? ಈ ಅನ್ಯಾಯಕ್ಕೆ ಶಿಕ್ಷೆಯಾಗಿ ಕಸ್ದೀಯರನ್ನೇ ಎಬ್ಬಿಸಿ ತರುತ್ತಿದ್ದೇನೆ ಎಂದು ದೇವರು ಹೇಳುತ್ತಾನೆ. ಕೇಳಿದ್ದು ಬಿಡುಗಡೆ, ಸಿಕ್ಕಿದ್ದು ದಂಡು ಬರುತ್ತಿದೆ ಎಂಬ ಸುದ್ದಿ. ಪ್ರಾರ್ಥನೆಗೆ ಉತ್ತರ ಬರಲಿಲ್ಲವೆಂಬುದು ಒಂದು ಕಷ್ಟ. ಬಂದ ಉತ್ತರವೇ ಮೊದಲಿನ ಕಷ್ಟಕ್ಕಿಂತ ಘೋರವಾಗಿರುವುದು ಇನ್ನೊಂದು. ಈ ಎರಡನೆಯದರ ಬಗ್ಗೆ ನಾವು ಪ್ರಸಂಗಗಳಲ್ಲಿ ಮಾತಾಡುವುದು ಕಡಿಮೆ.

ಹಬಕ್ಕೂಕ ಸುಮ್ಮನಾಗಲಿಲ್ಲ. ಎರಡನೆಯ ಸಲ ಇನ್ನೂ ಕಟುವಾಗಿ ಕೇಳಿದ. ಕೇಡನ್ನು ನೋಡಲಾರದಷ್ಟು ಶುದ್ಧ ಕಣ್ಣಿನವನು ನೀನಾದರೆ, ತನಗಿಂತ ನೀತಿವಂತನಾದವನನ್ನು ದುಷ್ಟನು ನುಂಗುವಾಗ ಹೇಗೆ ನೋಡುತ್ತಾ ನಿಂತಿದ್ದೀ ಎಂದು. ಕೇಳಿದವನು ಮುನಿಸಿಕೊಂಡು ಮನೆಗೆ ಹೋಗುವುದಿಲ್ಲ. ಕೋಟೆಯ ಮೇಲಿನ ಕಾವಲುಗೋಪುರ ಹತ್ತಿ, ಏನು ಉತ್ತರ ಬರುವುದೋ ನೋಡೋಣವೆಂದು ನಿಲ್ಲುತ್ತಾನೆ. ನನ್ನ ಮಟ್ಟಿಗೆ ಈ ಪುಸ್ತಕದ ತಿರುಳು ಇಲ್ಲಿದೆ. ಅವನ ದೂರೂ ಕಡಿಮೆಯಾಗಿಲ್ಲ, ಜಾಗವನ್ನೂ ಅವನು ಬಿಟ್ಟಿಲ್ಲ. ಆಮೇಲೆ ಬಂದ ಮಾತು, ನೀತಿವಂತನು ತನ್ನ ನಂಬಿಗಸ್ತಿಕೆಯಿಂದ ಬದುಕುವನೆಂಬುದು, ಪೌಲನ ರೋಮಾಪುರದ ಪತ್ರಕ್ಕೂ ಗಲಾತ್ಯದವರಿಗೆ ಬರೆದ ಪತ್ರಕ್ಕೂ ಹೋಗಿ, ಮುಂದೆ ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನ ಕೈಗೆ ಸಿಕ್ಕಿ ಯುರೋಪಿನ ಸಭೆಯ ಚರಿತ್ರೆಯನ್ನೇ ತಿರುಗಿಸಿತು. ಅಷ್ಟು ದೊಡ್ಡ ಮಾತು ದೂರು ಕೊಟ್ಟವನಿಗೆ ಸಿಕ್ಕಿದ ಉತ್ತರ ಎಂಬುದನ್ನು ಮರೆಯಬಾರದು. ಅವನು ಕೇಳದೆ ಇದ್ದಿದ್ದರೆ ಆ ಉತ್ತರ ಯಾರಿಗೆ ಬರುತ್ತಿತ್ತು?

ಮೂರನೆಯ ಅಧ್ಯಾಯದ ಕೊನೆಯ ಸಾಲುಗಳು ನಮ್ಮಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಚೌಕಟ್ಟಿನಲ್ಲಿವೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಎಣ್ಣೆಮರದ ಬೆಳೆ ಕೈಕೊಟ್ಟರೂ, ಹೊಲ, ಕುರಿಹಟ್ಟಿ, ದನದ ಕೊಟ್ಟಿಗೆ ಬರಿದಾದರೂ ದೇವರಲ್ಲಿ ಹರ್ಷಿಸುವೆನೆಂಬ ಅರ್ಥದ ಭಾಗ ಅದು. ಚಂದದ ಪಟ್ಟಿಯಂತೆ ಕೇಳಿಸುತ್ತದೆ. ಪಟ್ಟಿಯನ್ನು ಒಂದೊಂದಾಗಿ ಓದಿ ನೋಡಿ. ನಮ್ಮ ಮಲೆನಾಡಿನ ರೈತನ ಅಡಿಕೆಗೆ ಕೊಳೆರೋಗ ತಗಲಿ, ಕಾಳುಮೆಣಸಿನ ಬಳ್ಳಿ ಸೊರಗಿ, ಗದ್ದೆ ನೆರೆಗೆ ಕೊಚ್ಚಿಹೋಗಿ, ಕೊಟ್ಟಿಗೆಯಲ್ಲಿ ಒಂದು ಹಸುವೂ ಉಳಿಯದೆ ಹೋದ ಹಾಗೆ. ಮುಂದಿನ ವರ್ಷಕ್ಕೆ ಬೀಜವಿಲ್ಲ, ಸಾಲಕ್ಕೆ ಅಡವಿಡಲು ಏನೂ ಇಲ್ಲ. ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಸೇರದಿರುವ ಅದರ ಹಿಂದಿನ ವಚನವನ್ನೂ ಓದಬೇಕು. ಅಲ್ಲಿ ಪ್ರವಾದಿಯ ತುಟಿ ಅದುರುತ್ತಿದೆ, ಎಲುಬಿನೊಳಗೆ ಕೊಳೆತ ಹಿಡಿದ ಹಾಗಾಗಿದೆ, ನಿಂತ ಕಾಲು ನಡುಗುತ್ತಿದೆ. ನಡುಕ ನಿಂತಮೇಲೆ ಹಾಡಿದನೆಂದು ಎಲ್ಲಿಯೂ ಇಲ್ಲ. ನಡುಗುತ್ತಲೇ ಹಾಡಿದ್ದಾನೆ.

ಆಮೇಲೆ, ಪುಸ್ತಕದ ಕಟ್ಟಕಡೆಗೆ, ಸಂಗೀತಗಾರರಿಗೆ ಒಂದು ಸೂಚನೆ ಇದೆ. ಇದನ್ನು ಗಾಯಕರ ಮುಖ್ಯಸ್ಥನಿಗೆ ಕೊಡಬೇಕು, ತಂತಿವಾದ್ಯದೊಡನೆ ಹಾಡಬೇಕು ಎಂದು. ಓದುವಾಗ ಇದನ್ನು ನಾವು ಬಿಟ್ಟುಬಿಡುತ್ತೇವೆ. ಅದರ ಅರ್ಥ ಯೋಚಿಸಿ. ಒಬ್ಬ ಮನುಷ್ಯ ಕೋಟೆಯ ಮೇಲೆ ಒಂಟಿಯಾಗಿ ನಿಂತು ನಡುಗುತ್ತಾ ಹೇಳಿಕೊಂಡದ್ದು ಅವನ ಖಾಸಗಿ ದಿನಚರಿಯಲ್ಲಿ ಉಳಿಯಲಿಲ್ಲ. ಆರಾಧನೆಯಲ್ಲಿ ವಾದ್ಯ ನುಡಿಸಿ ಸಭೆಯೆಲ್ಲ ಹಾಡಬೇಕಾದ ಪದವಾಯಿತು. ಕೊಟ್ಟಿಗೆ ತುಂಬಿದ್ದವನೂ ಬರಿದಾದವನ ಪಕ್ಕದಲ್ಲಿ ನಿಂತು ಅದನ್ನು ಹಾಡಬೇಕಾಯಿತು. ಕ್ರಿಸ್ತಪೂರ್ವ 586ರ ಸುಮಾರಿಗೆ ಯೆರೂಸಲೇಮ್ ಬಿತ್ತು, ದೇವಾಲಯ ಸುಟ್ಟುಹೋಯಿತು, ಜನ ಸೆರೆಗೆ ಹೋದರು. ಹಬಕ್ಕೂಕನು ಅಂಜಿದ್ದೇ ಆಯಿತು. ಅವನ ಹಾಡು ಮಾತ್ರ ಆ ಜನರ ಬಾಯಲ್ಲಿ ಉಳಿದು ನಮ್ಮವರೆಗೂ ಬಂತು.

ಇದು ಹಬಕ್ಕೂಕನೊಬ್ಬನ ವಿಚಿತ್ರವೇನಲ್ಲ. ನೂರೈವತ್ತು ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿನ ಸಮೀಪ ಮೊರೆಯ ಕೀರ್ತನೆಗಳೇ ಇವೆ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಆದರೆ 88ನೆಯ ಕೀರ್ತನೆ ತಿರುಗುವುದೇ ಇಲ್ಲ. ಕೋರಹೀಯರ ಹಾಡು, ಹೇಮಾನನದೆಂದು ತಲೆಬರಹ ಹೇಳುತ್ತದೆ. ಆರಂಭದಿಂದ ಕೊನೆಯವರೆಗೂ ಕತ್ತಲು, ಕೊನೆಯ ಪದವೂ ಕತ್ತಲೆಯದೇ. ಯಾವ ಸಮಾಧಾನವನ್ನೂ ಅಂಟಿಸದೆ ಹಿರಿಯರು ಅದನ್ನು ಹಾಗೆಯೇ ಆರಾಧನೆಯ ಪುಸ್ತಕದಲ್ಲಿ ಬಿಟ್ಟರು. ಕೊನೆಗೊಂದು ಹಲ್ಲೆಲೂಯ ಸೇರಿಸುವುದು ಅವರಿಗೆ ಏನೂ ಕಷ್ಟವಿರಲಿಲ್ಲ. ಸೇರಿಸದೆ ಇದ್ದದ್ದು ಅವರ ದೊಡ್ಡತನ. ಕತ್ತಲೆಯಿಂದ ಇನ್ನೂ ಹೊರಬರದವನಿಗೂ ದೇವಾಲಯದಲ್ಲಿ ಹಾಡಲು ಒಂದು ಹಾಡು ಬೇಕೆಂದು ಅವರಿಗೆ ಗೊತ್ತಿತ್ತು.

ಯೋಬನ ಸ್ನೇಹಿತರ ವಿಷಯ ನಿಮಗೆಲ್ಲ ತಿಳಿದದ್ದೇ; ಎರಡು ಮಾತಿನಲ್ಲಿ ಮುಗಿಸುತ್ತೇನೆ. ಎಲೀಫಜ, ಬಿಲ್ದದ, ಚೋಫರ ಈ ಮೂವರೂ ಏಳು ದಿನ ಏಳು ರಾತ್ರಿ ಯೋಬನ ಜೊತೆ ನೆಲದ ಮೇಲೆ ತುಟಿ ಎರಡು ಮಾಡದೆ ಕೂತರು. ಅವರು ಮಾಡಿದ ಅತ್ಯುತ್ತಮ ಕೆಲಸ ಅದೇ. ಬಾಯಿ ತೆರೆದಮೇಲೆ ದೇವರ ಪರವಾಗಿ ವಾದಿಸಿದರು, ಮತ್ತು ಕಡೆಯಲ್ಲಿ ದೇವರೇ ಅವರ ಮೇಲೆ ಸಿಟ್ಟಾದನು. ತನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬನೇ, ಇವರಲ್ಲ ಎಂದನು. ಹುಟ್ಟಿದ ದಿನವನ್ನೇ ಶಪಿಸಿಕೊಂಡವನ ಮಾತು ದೇವರಿಗೆ ಒಪ್ಪಿಗೆಯಾಯಿತು, ದೇವರನ್ನು ಸಮರ್ಥಿಸಿದವರದು ಆಗಲಿಲ್ಲ. ನಮ್ಮಂಥ ಬೋಧಕರು ಸಾವಿನ ಮನೆಯ ಮೆಟ್ಟಿಲು ಹತ್ತುವ ಮೊದಲು ಈ ಅಧ್ಯಾಯವನ್ನು ಓದಿ ಹತ್ತಬೇಕು.

ಇನ್ನು ರಮಾಬಾಯಿಯವರ ವಿಷಯ. ಅವರನ್ನು ಮಹಾರಾಷ್ಟ್ರದ ಸಮಾಜ ಸುಧಾರಕಿಯೆಂದು ಶಾಲೆಯ ಪಾಠದಲ್ಲಿ ಓದಿದ್ದೇವೆ. ಅವರು 1858ರ ಏಪ್ರಿಲ್‌ನಲ್ಲಿ ಹುಟ್ಟಿದ್ದು ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಕುದುರೆಮುಖದ ಆ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಉಡುಪಿಯ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸರು ಓದುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ವಾದಿಸಿದ ಮನುಷ್ಯ. ರಮಾಬಾಯಿ ಕೂಸಾಗಿದ್ದಾಗಲೇ ಸಂಸಾರ ಘಟ್ಟ ಇಳಿಯಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ, ಅದನ್ನು ಆಳು ತಲೆಯ ಮೇಲೆ ಹೊತ್ತು ತಂದನೆಂದು ಅವರೇ ಬರೆದಿದ್ದಾರೆ. ಅಲ್ಲಿಂದ ಮುಂದೆ ಯಾತ್ರೆಯೇ ಅವರ ಮನೆ. ದೇವಸ್ಥಾನಗಳಲ್ಲಿ ಪುರಾಣ ಹೇಳುವುದು, ಬಂದದ್ದರಲ್ಲಿ ದಾನಧರ್ಮ ಮಾಡುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು.

1870ರ ದಶಕದ ಕ್ಷಾಮ ದಕ್ಷಿಣ ಭಾರತಕ್ಕೆ ಬಂದಾಗ ಈ ಕುಟುಂಬದ ಕೈಯಲ್ಲಿ ಏನೂ ಉಳಿದಿರಲಿಲ್ಲ. ವ್ರತ, ಜಪ, ಕ್ಷೇತ್ರವಾಸ ಯಾವುದರಲ್ಲೂ ಅವರು ಕೊರತೆ ಮಾಡಿದವರಲ್ಲ. ಭಿಕ್ಷೆ ಬೇಡಲು ಮನಸ್ಸು ಒಪ್ಪದು, ಕೂಲಿ ಗೊತ್ತಿಲ್ಲ. ನೀರು ಕುಡಿದು, ಎಲೆ ತಿಂದು ದಿನ ದೂಡಿದರು. ಕಣ್ಣಿನ ಪೊರೆಯಿಂದ ಪೂರಾ ಕುರುಡಾಗಿದ್ದ ತಂದೆ, ಕೊನೆಯ ಗಳಿಗೆಯಲ್ಲಿ ಕಿರಿಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಅವನ ಸೊತ್ತು, ಬದುಕೆಲ್ಲ ಅವನ ಸೇವೆ ಮಾಡು ಎಂಬರ್ಥದ ಮಾತು ಹೇಳಿ ತೀರಿಕೊಂಡರು. ಹಿಂದೆಯೇ ತಾಯಿ ಹೋದರು. ಹೆಣ ಹೊರಲು ಜನ ಸಿಗಲಿಲ್ಲ. ಹೇಗೋ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು, ಮೂರನೆಯ ಹೆಗಲು ಅಣ್ಣ ಶ್ರೀನಿವಾಸನದು, ನಾಲ್ಕನೆಯವಳು ರಮಾಬಾಯಿ. ಗಿಡ್ಡ ಹುಡುಗಿ, ಹೆಗಲ ಮಟ್ಟ ಸಾಲದು. ಚಟ್ಟದ ತನ್ನ ಮೂಲೆಯನ್ನು ತಲೆಯ ಮೇಲೆ ಹೊತ್ತು ದೂರದ ಸ್ಮಶಾನದವರೆಗೆ ನಡೆದಳು. ಆಮೇಲೆ ಅಕ್ಕನೂ ತೀರಿದಳು.

ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಅವಳಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. 1882ರ ಫೆಬ್ರವರಿಯಲ್ಲಿ ಕಾಲರಾ ಅವರನ್ನೂ ಒಯ್ದಿತು. ಮಡಿಲಲ್ಲಿ ಇನ್ನೂ ವರ್ಷ ತುಂಬದ ಮಗಳು ಮನೋರಮಾ. ರಮಾಬಾಯಿಗೆ ಆಗ ಇಪ್ಪತ್ತಮೂರು.

ಇಲ್ಲಿಯವರೆಗಿನ ಕಥೆ ಕೇಳಿದ ಕೆಲವರು ಇನ್ನು ಬರುವುದು ಸುಖದ ಭಾಗವೆಂದು ಎಣಿಸುತ್ತಾರೆ. 1883ರಲ್ಲಿ ಇಂಗ್ಲೆಂಡಿಗೆ ಹೋದರು, ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ಮಗಳ ಜೊತೆ ದೀಕ್ಷಾಸ್ನಾನ ಪಡೆದರು, ಅಲ್ಲಿಗೆ ಕಷ್ಟವೆಲ್ಲ ಕಳೆಯಿತು ಎಂದು. ಇದೇ ಬಗೆಯಲ್ಲಿ ಅವರ ಕಥೆಯನ್ನು ಹೇಳುವ ಪ್ರಸಂಗಗಳನ್ನು ನಾನು ಬಹಳ ಕೇಳಿದ್ದೇನೆ. ಅದು ರಮಾಬಾಯಿಯವರಿಗೆ ಮಾಡುವ ಅನ್ಯಾಯ. ಇಂಗ್ಲೆಂಡಿಗೆ ಜೊತೆಯಲ್ಲಿ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್, ದೀಕ್ಷಾಸ್ನಾನಕ್ಕೆ ಸ್ವಲ್ಪ ಮುಂಚೆ, ಪ್ರಾಣ ಕಳೆದುಕೊಂಡಿದ್ದಳು. ರಮಾಬಾಯಿಯವರ ಕಿವಿ ಮಂದವಾಗುತ್ತಾ ಬಂದು, ವೈದ್ಯೆಯಾಗಬೇಕೆಂದು ಹಡಗು ಹತ್ತಿದ ಆಸೆಯೇ ಕೈಬಿಟ್ಟಿತು. ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಆನಂದಿಬಾಯಿ ಜೋಶಿಯವರ ಸಂತೋಷದಲ್ಲಿ ಪಾಲ್ಗೊಳ್ಳಲು 1886ರಲ್ಲಿ ಸಮುದ್ರ ದಾಟಿದರು. ಮರುವರ್ಷ ಆ ಹೆಣ್ಣುಮಗಳೂ ಕ್ಷಯದಿಂದ ತೀರಿಕೊಂಡಳು. ದೀಕ್ಷಾಸ್ನಾನದ ನೀರು ಯಾವ ಸಾವನ್ನೂ ತಡೆಯಲಿಲ್ಲ.

ಅವರು ಸುಲಭದ ವಿಶ್ವಾಸಿಯೂ ಆಗಿರಲಿಲ್ಲ. ತಮ್ಮನ್ನು ಆದರಿಸಿದ ಆಂಗ್ಲಿಕನ್ ಸಭೆಯ ಕನ್ಯಾಸ್ತ್ರೀ ಜೆರಾಲ್ಡಿನ್ ಅವರೊಡನೆ ಪತ್ರಗಳಲ್ಲಿ ತ್ರೈಯೇಕತ್ವದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ಪಟ್ಟುಹಿಡಿದು ವಾದಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇ ಏಕೆ ಬೇಕು, ಸಂಸ್ಕೃತ ಏಕಾಗದು ಎಂದು ಕೇಳಿದರು. ಆ ಪತ್ರಗಳನ್ನು ಓದಿದರೆ ವಿಧೇಯತೆ ಕಡಿಮೆಯೆಂದು ಜೆರಾಲ್ಡಿನ್ ನೊಂದುಕೊಂಡದ್ದು ಕಾಣುತ್ತದೆ. ನನಗೆ ಅಲ್ಲಿ ಕಾಣುವವನು ಕಾವಲುಗೋಪುರದ ಮೇಲೆ ನಿಂತ ಹಬಕ್ಕೂಕ. ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ ತಾವು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದೆವೇ ಹೊರತು ಕ್ರಿಸ್ತನನ್ನು ಕಂಡಿರಲಿಲ್ಲ ಎಂದು ತಿಳಿದುದಾಗಿ ಅವರು ಬರೆದಿದ್ದಾರೆ. ಅಷ್ಟು ವರ್ಷ ಆರಾಧನೆ ಮಾಡುತ್ತಲೇ ಹುಡುಕುತ್ತಿದ್ದರು, ಹುಡುಕುತ್ತಲೇ ಆರಾಧಿಸುತ್ತಿದ್ದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದು ಪುಣೆಗೆ ಹೋಯಿತು. ಮತಾಂತರದ ಅನುಮಾನದ ಗದ್ದಲವೆದ್ದು 1893ರಲ್ಲಿ ಎಷ್ಟೋ ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಕಟ್ಟಿದ್ದು ಕಣ್ಣೆದುರು ಕರಗುವುದೆಂದರೇನೆಂದು ಆಗ ಕಂಡರು. 1896ರಲ್ಲಿ ಮಧ್ಯಪ್ರಾಂತ್ಯಕ್ಕೆ ಕ್ಷಾಮ ಬಂದ ಸುದ್ದಿ ಕೇಳಿದಾಗ ರಮಾಬಾಯಿ ಹೊರಟರು. ಹಸಿದು ದಾರಿಯಲ್ಲಿ ಬಿದ್ದ ಹುಡುಗಿಯರನ್ನು ಎತ್ತಿ ತಂದು ಪುಣೆಯ ಆಚೆ ಕೇಡಗಾಂವ್‌ನಲ್ಲಿ ನೆಲೆ ಕೊಟ್ಟರು. ಮುಕ್ತಿ ಸದನ ಬೆಳೆದದ್ದು ಹಾಗೆ. ಮುಂದೆ ಗುಜರಾತಿನ ಕ್ಷಾಮದಲ್ಲಿ ಮತ್ತೆ ನೂರಾರು ಮಂದಿ ಬಂದರು. ತನ್ನ ಹರೆಯವನ್ನು ನುಂಗಿದ ಕ್ಷಾಮದ ಕಾರಣವನ್ನು ದೇವರು ಆಕೆಗೆ ಹೇಳಿದನೇ? ಅವರ ಬರಹದಲ್ಲಿ ಎಲ್ಲಿಯೂ ನನಗೆ ಅಂಥ ವಿವರಣೆ ಸಿಕ್ಕಿಲ್ಲ. ಇಷ್ಟು ಮಕ್ಕಳನ್ನು ಉಳಿಸುವುದಕ್ಕೆಂದೇ ನನ್ನ ಅಪ್ಪ ಅಮ್ಮ ಹಸಿದು ಸತ್ತರು ಎಂದು ಲೆಕ್ಕ ಕೂಡಿಸಿ ತೋರಿಸುವ ಕೆಲಸಕ್ಕೆ ಅವರು ಹೋಗಲಿಲ್ಲ. ಹಸಿವು ಅವರಿಗೆ ಗೊತ್ತಿತ್ತು, ಹಸಿದವರ ಬಳಿಗೆ ಹೋದರು.

ನಮ್ಮ ನಾಡಿಗೆ ಅವರ ಋಣ ಇನ್ನೊಂದಿದೆ. 1912ರಲ್ಲಿ ಗುಲ್ಬರ್ಗಾದಲ್ಲಿ, ನಿಜಾಮರ ಆಡಳಿತದ ಆ ಹಿಂದುಳಿದ ಭಾಗದಲ್ಲಿ, ಮಗಳು ಮನೋರಮಾ ನಿಂತು ನಡೆಸಿದ ಒಂದು ಶಾಲೆಯನ್ನು ತಾಯಿ ಮಗಳು ಕೂಡಿ ತೆರೆದರು. ಮುಕ್ತಿ ಸದನವನ್ನೂ ತನ್ನ ನಂತರ ಮನೋರಮಾ ನೋಡಿಕೊಳ್ಳುವಳೆಂದು ರಮಾಬಾಯಿ ನಂಬಿದ್ದರು. ಎಲ್ಲರೂ ಹೋದಮೇಲೂ ಉಳಿದಿದ್ದವಳು, ಬೆತ್ತದ ಪೆಟ್ಟಿಗೆಯಲ್ಲಿ ಕಾಡಿಳಿದ ಆ ಮನೆತನದಲ್ಲಿ ಅವರಿಗೆ ಉಳಿದ ಒಂದೇ ರಕ್ತ, ಅವಳು. 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ, ಮನೋರಮಾ ತೀರಿಕೊಂಡಳು.

ಆಗ ರಮಾಬಾಯಿ ಏನು ಮಾಡುತ್ತಿದ್ದರು? ಬಹಳ ವರ್ಷದಿಂದ ಹೀಬ್ರೂ, ಗ್ರೀಕ್ ಮೂಲಗಳನ್ನು ಇಟ್ಟುಕೊಂಡು ಹಳ್ಳಿಯ ಹೆಣ್ಣುಮಕ್ಕಳಿಗೂ ಅರ್ಥವಾಗುವ ಮರಾಠಿಯಲ್ಲಿ ಸತ್ಯವೇದವನ್ನು ಅನುವಾದಿಸುತ್ತಿದ್ದರು. ಅದಕ್ಕಾಗಿಯೇ ಆ ಭಾಷೆಗಳನ್ನು ಕಲಿತಿದ್ದರು. ಮುಕ್ತಿಯ ಛಾಪಖಾನೆಯಲ್ಲಿ ಅಕ್ಷರ ಜೋಡಿಸುತ್ತಿದ್ದವರು ಅಲ್ಲಿನ ಹೆಂಗಸರೇ. ಕಿವಿ ಕೇಳಿಸದ, ಮಗಳನ್ನು ಕಳೆದುಕೊಂಡ, ಆರೋಗ್ಯ ಕೆಟ್ಟ ಆ ತಾಯಿ ಕರಡಚ್ಚು ತಿದ್ದುವುದನ್ನು ಬಿಡಲಿಲ್ಲ. ಅನುವಾದದಲ್ಲಿ ಪ್ರಲಾಪಗಳೂ ಬರುತ್ತವೆ, ಯೋಬನೂ ಬರುತ್ತಾನೆ, 88ನೆಯ ಕೀರ್ತನೆಯೂ ಬರುತ್ತದೆ. ಒಂದೊಂದು ಅಕ್ಷರ, ಒಂದೊಂದು ಗುಣಿತ ನೋಡಿ ತಿದ್ದಬೇಕು. 1922ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಮಗಳು ಹೋಗಿ ವರ್ಷವೂ ಆಗಿರಲಿಲ್ಲ. ಆ ತಿಂಗಳುಗಳಲ್ಲಿ ಅವರು ಮಾಡಿದ ಆರಾಧನೆ ಯಾವುದೆಂದು ಕೇಳಿದರೆ ನಾನು ಆ ತಿದ್ದಿದ ಕರಡಚ್ಚುಗಳನ್ನು ತೋರಿಸುತ್ತೇನೆ.

ಹಾಡುಗಳ ಬಗ್ಗೆ ಒಂದು ಮಾತು, ಸ್ವಲ್ಪ ದಾರಿ ಬಿಟ್ಟು. ಜರ್ಮನಿಯ ಐಲೆನ್‌ಬುರ್ಗ್ ಊರಿನ ಬೋಧಕ ಮಾರ್ಟಿನ್ ರಿಂಕಾರ್ಟ್ ಬರೆದ ಕೃತಜ್ಞತೆಯ ಹಾಡು ಲೋಕದ ಸಭೆಗಳೆಲ್ಲ ಹಾಡುವಂಥದು. ಮೂವತ್ತು ವರ್ಷದ ಯುದ್ಧದ ಕಾಲ. 1637ರಲ್ಲಿ ಪ್ಲೇಗು ಆ ಊರಿಗೆ ಬಂದು, ರಿಂಕಾರ್ಟ್ ಸಾವಿರಾರು ಜನರನ್ನು ಹೂಳಬೇಕಾಯಿತು, ಅವರಲ್ಲಿ ತನ್ನ ಹೆಂಡತಿಯೂ ಒಬ್ಬಳು. ಹೆಣಗಳ ನಡುವೆ ನಿಂತು ಆ ಹಾಡು ಕಟ್ಟಿದನೆಂದು ಹೇಳುವ ರೂಢಿಯಿದೆ. ಹಾಡು ಪ್ಲೇಗಿಗೆ ಮುಂಚಿನದು, ಊಟದ ಹೊತ್ತಿನಲ್ಲಿ ಮನೆಯವರೊಡನೆ ಹೇಳಲೆಂದು ಬರೆದದ್ದು. ನಿಜವಾದ ಕಥೆ ನನಗೆ ಹೆಚ್ಚು ಬೆಲೆಯುಳ್ಳದ್ದು. ಎಲ್ಲರೂ ಕೂತು ಉಣ್ಣುತ್ತಿದ್ದ ಮೇಜಿನ ಹಾಡು ಅದು. ಮೇಜಿನ ಸುತ್ತ ಜಾಗ ಖಾಲಿಯಾದ ಮೇಲೂ ಆ ಮನುಷ್ಯ ಅದೇ ಮನೆಯಲ್ಲಿ ಉಣ್ಣಬೇಕಿತ್ತು. ನೆಮ್ಮದಿಯ ದಿನಗಳಲ್ಲಿ ಕಲಿತ ಹಾಡೇ ಕಷ್ಟದ ದಿನಗಳಲ್ಲಿ ಬಾಯಿಗೆ ಬರುತ್ತದೆ. ಆದ್ದರಿಂದ ನೆಮ್ಮದಿಯ ದಿನಗಳಲ್ಲಿ ಮಕ್ಕಳಿಗೆ ಯಾವ ಹಾಡು ಕಲಿಸುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ಇಷ್ಟೆಲ್ಲ ಹೇಳಿ ಕ್ರಿಸ್ತನ ಹೆಸರೆತ್ತದೆ ಹೋದರೆ ಇದು ಕ್ರೈಸ್ತ ಉಪನ್ಯಾಸವಾಗುವುದಿಲ್ಲ. ಗೆತ್ಸೇಮನೆಯ ತೋಟದಲ್ಲಿ ಆತನು ಮೂರು ಸಲ ಬೇಡಿದನು, ಈ ಪಾತ್ರೆ ತನ್ನಿಂದ ತೊಲಗಲಿ ಎಂದು. ತೊಲಗಲಿಲ್ಲ. ದೇವಪುತ್ರನ ಪ್ರಾರ್ಥನೆಗೇ ಇಲ್ಲ ಎಂಬ ಉತ್ತರ ಬಂದಿರುವಾಗ, ನಮ್ಮ ನೆರೆಯವರ ಪ್ರಾರ್ಥನೆ ಈಡೇರದಿದ್ದರೆ ಅದಕ್ಕೆ ಅವರ ಅಪನಂಬಿಕೆ ಕಾರಣವೆಂದು ಹೇಳುವ ಧೈರ್ಯ ನಮಗೆ ಎಲ್ಲಿಂದ ಬರುತ್ತದೆ? ಶಿಲುಬೆಯ ಮೇಲೆ ಆತನು ಕೈಬಿಡಲ್ಪಟ್ಟವನ ಕೂಗನ್ನು ಕೂಗಿದನು. ಅದು 22ನೆಯ ಕೀರ್ತನೆಯ ಮೊದಲ ಸಾಲು. ಸುವಾರ್ತೆ ಬರೆದ ಮಾರ್ಕನು ಗ್ರೀಕ್‌ನಲ್ಲಿ ಬರೆಯುತ್ತಿದ್ದರೂ ಆ ಮಾತನ್ನು ಯೇಸು ಆಡಿದ ಅರಮಾಯ ಭಾಷೆಯಲ್ಲೇ ಮೊದಲು ಇಟ್ಟು, ಆಮೇಲೆ ಅರ್ಥ ಹೇಳಿದನು. ಹತ್ತಿರ ನಿಂತವರಿಗೆ ಅದು ಎಲೀಯನನ್ನು ಕರೆದ ಹಾಗೆ ಕೇಳಿಸಿತಂತೆ. ಮೊದಲ ತಲೆಮಾರಿನ ಸಭೆ ಈ ಕೂಗನ್ನು ಮರೆಮಾಚಬಹುದಿತ್ತು. ಮೆಸ್ಸೀಯನು ಹೀಗೆ ಕೂಗಿದನೆಂದರೆ ಯಾರು ನಂಬುತ್ತಾರೆ ಎಂದು ಅಳುಕಬಹುದಿತ್ತು. ಅವರು ಅದನ್ನು ಆತನ ಬಾಯಿಂದ ಬಂದ ದನಿಯಲ್ಲೇ ಕಾಪಾಡಿದರು.

ಮೂರನೆಯ ದಿನ ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಜೊತೆಗೆ ನಡೆಯುತ್ತಿದ್ದ ಅಪರಿಚಿತನಿಗೆ ತಮ್ಮ ದುಃಖ ತೋಡಿಕೊಂಡರು. ಇಸ್ರಾಯೇಲನ್ನು ಬಿಡಿಸುವವನು ಆತನೇ ಎಂದು ಎಣಿಸಿದ್ದೆವು ಎಂದರು. ಎಣಿಕೆ ಮುಗಿದುಹೋದವರ ಮಾತು ಅದು. ಜೀವಂತನಾಗಿ ಎದ್ದವನು ಪಕ್ಕದಲ್ಲೇ ನಡೆಯುತ್ತಿದ್ದನು; ಅವರ ನಿರಾಶೆಯ ಮಾತನ್ನು ಮೊದಲು ಪೂರ್ತಿ ಕೇಳಿಸಿಕೊಂಡನು, ಬೋಧನೆ ಅದರ ನಂತರದ್ದು. ಮತ್ತು ಎದ್ದ ಆ ದೇಹದಲ್ಲಿ ಮೊಳೆಯ ಗಾಯ ಹಾಗೆಯೇ ಇತ್ತು. ಪುನರುತ್ಥಾನವನ್ನು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ನನ್ನ ನಿರೀಕ್ಷೆಯೆಲ್ಲ ಅದರ ಮೇಲೆ ನಿಂತಿದೆ. ಆದರೆ ಗಾಯವಿಲ್ಲದ ಪುನರುತ್ಥಾನವನ್ನು ಸುವಾರ್ತೆಗಳು ಸಾರಲಿಲ್ಲ.

ಈಗ ನಮ್ಮ ಸಭೆಗಳ ಕಡೆ ನೋಡೋಣ. ಭಾನುವಾರದ ಆರಾಧನೆಯಲ್ಲಿ, ಉಪವಾಸ ಕೂಟಗಳಲ್ಲಿ ಸಾಕ್ಷಿ ಹೇಳುವ ಹೊತ್ತು ಬರುತ್ತದೆ. ವೀಸಾ ಸಿಕ್ಕಿತು, ಗೆಡ್ಡೆ ಕರಗಿತು, ಮಗಳಿಗೆ ಒಳ್ಳೆಯ ಕಡೆ ಸಂಬಂಧ ಕೂಡಿಬಂತು, ದೇವರಿಗೆ ಸ್ತೋತ್ರ. ಇವರ ಸಂತೋಷ ನಿಜ, ಸ್ತೋತ್ರವೂ ನಿಜ. ಆದರೆ ಗೆಡ್ಡೆ ಕರಗದವನು ಎದ್ದು ನಿಂತು ಹೇಳಲು ಅಲ್ಲಿ ಜಾಗವಿದೆಯೇ? ನಾನು ಸಭಾಪಾಲಕನಾಗಿದ್ದ ಒಂದು ಊರಿನಲ್ಲಿ ಹರೆಯದ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ದೇವಾಲಯಕ್ಕೆ ಬರುವುದನ್ನು ಬಿಟ್ಟಳು. ಮನೆಗೆ ಹೋಗಿ ಕೂತೆ. ಕಾಫಿ ಲೋಟ ನನ್ನ ಮುಂದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಆಕೆ ಹೇಳಿದಳು: “ದೇವರ ಮೇಲೆ ನನಗೆ ಕೋಪ ಇಲ್ಲ ಅಯ್ಯನವರೇ. ಅಲ್ಲಿ ಚಪ್ಪಾಳೆ ತಟ್ಟಿ ಹಾಡ್ತಾರೆ. ನನ್ನ ಕೈ ಏಳೋದಿಲ್ಲ. ಸುಮ್ನೆ ನಿಂತ್ರೆ ಎಲ್ಲರೂ ತಿರುಗಿ ನೋಡ್ತಾರೆ.” ಆಕೆಗೆ ಬೇಕಿದ್ದ ಹಾಡು ಸತ್ಯವೇದದಲ್ಲಿತ್ತು. ನಮ್ಮ ಆರಾಧನೆಯಲ್ಲಿ ಇರಲಿಲ್ಲ.

ದಾನಿಯೇಲನ ಪುಸ್ತಕದ ಮೂವರು ಯುವಕರು ಬೆಂಕಿಯ ಕುಲುಮೆಯ ಮುಂದೆ ನೆಬೂಕದ್ನೆಚ್ಚರನಿಗೆ ಹೇಳಿದ್ದನ್ನು ನೆನೆಯಿರಿ. ನಮ್ಮ ದೇವರು ಬಿಡಿಸಬಲ್ಲನು, ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ಅಡ್ಡಬೀಳೆವು ಎಂದರು. ಅವರು ಪಾರಾದದ್ದು ಆಮೇಲಿನ ಮಾತು. ಆ ಮಾತು ಆಡಿದ ಗಳಿಗೆಯಲ್ಲಿ ಪಾರಾಗುತ್ತೇವೆಂದು ಅವರಿಗೆ ಗೊತ್ತಿರಲಿಲ್ಲ. ಟಿವಿಯಲ್ಲಿ, ಮೊಬೈಲಿನಲ್ಲಿ ಇಂದು ಹಬ್ಬುತ್ತಿರುವ ಸಮೃದ್ಧಿಯ ಬೋಧನೆ ಆ ಮಾತಿನ ಮೊದಲರ್ಧವನ್ನು ಮಾತ್ರ ಕಲಿಸುತ್ತದೆ. ಇಷ್ಟು ನಂಬಿದರೆ ಇಷ್ಟು ಸಿಗುತ್ತದೆ ಎಂಬ ವ್ಯವಹಾರದಲ್ಲಿ ಸಿಗದವನು ಇಮ್ಮಡಿ ಬಡವನಾಗುತ್ತಾನೆ. ಕೇಳಿದ್ದೂ ಇಲ್ಲ, ವಿಶ್ವಾಸಿಯೆಂಬ ಹೆಸರೂ ಇಲ್ಲ. ಈ ಬೋಧನೆ ಸುವಾರ್ತೆಯಲ್ಲ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಸಭೆಯ ಹಿರಿಯರಲ್ಲಿ, ಬೋಧಕ ಬಂಧುಗಳಲ್ಲಿ, ಗಾಯನ ಮಂಡಳಿಯ ಯುವಕ ಯುವತಿಯರಲ್ಲಿ ನನ್ನ ಬೇಡಿಕೆ ಇದು. ಮೊರೆಯ ಕೀರ್ತನೆಗಳನ್ನು ಶುಭ ಶುಕ್ರವಾರಕ್ಕೂ ಸಮಾಧಿಯ ಆರಾಧನೆಗೂ ಮೀಸಲಿಡಬೇಡಿ. ತಿಂಗಳಿಗೆ ಒಂದು ಭಾನುವಾರವಾದರೂ ಒಂದನ್ನು ಓದಿ, ರಾಗ ಹಾಕಿ ಹಾಡಿ. 88ನೆಯದನ್ನು ಓದುವಾಗ ಕೊನೆಗೆ ಸಮಾಧಾನದ ಮಾತು ಸೇರಿಸದೆ, ಅದು ನಿಲ್ಲುವ ಕಡೆಯಲ್ಲೇ ನಿಲ್ಲಿಸಿ. ಸಾಕ್ಷಿಯ ಹೊತ್ತಿನಲ್ಲಿ ಉತ್ತರ ಸಿಗದವರೂ ಎದ್ದು ಮಾತಾಡಬಹುದೆಂದು ಬಾಯಿಬಿಟ್ಟು ಹೇಳಿ, ಮಾತಾಡಿದರೆ ತಿದ್ದಬೇಡಿ. ಸಾವಿನ ಮನೆಗೆ ಹೋದಾಗ ದೇವರ ಚಿತ್ತವೆಂಬ ಮಾತನ್ನು ನಿಮ್ಮ ಬಾಯಿಂದ ಮೊದಲು ಆಡಬೇಡಿ. ಮನೆಯವರು ಆಡಿದರೆ ಕೇಳಿಸಿಕೊಳ್ಳಿ. ನಿಮ್ಮ ಸಭೆಯಲ್ಲಿ ಹಾಡು ಬಾಯಿಗೆ ಬಾರದೆ ಬರುವುದನ್ನೇ ಬಿಟ್ಟವರು ಯಾರೆಂದು ನಿಮಗೆ ಗೊತ್ತಿದೆ. ಈ ವಾರ ಅವರ ಮನೆಗೆ ಹೋಗಿ.